ಪಟ್ಟಣ ನೋಡೋಕೆ ಬರೋರಿಗೆ ಗದ್ದೆ ಕಡೆಯಿಂದ ಒಂದು ದಾರಿ

ಹದಿನೈದು ದಿವಸದಿಂದ ಏನೂ ಬರೆದಿಲ್ಲ, ಬೇಜಾರು ಮಾಡ್ಕೋಬೇಡಿ. ಭತ್ತ ಹೊಡೆ ಬಿಚ್ಚೋ ಸಮಯ, ನೀರಿನ ಹಿಂದೆ ಓಡಾಡಿದ್ದೇ ಆಯ್ತು. ಇವತ್ತು ಸ್ವಲ್ಪ ಉದ್ದ ಆಗುತ್ತೆ. ಪುರುಸೊತ್ತು ಇದ್ದಾಗ ಓದಿ.

ಭಾನುವಾರ ಬೆಳಿಗ್ಗೆ ತೂಬಿನ ಹತ್ರ ಸನಿಕೆ ತೊಳೀತಾ ಇದ್ದೆ. ಬೆಂಗಳೂರು ಕಡೆ ಕಾರು ಒಂದು ನಿಂತ್ಕೊಂತು. ಗಂಡ, ಹೆಂಡ್ತಿ, ಇಬ್ರು ಮಕ್ಕಳು. ಗುಂಬಜ್‌ಗೆ ದಾರಿ ಕೇಳಿದ್ರು, ಹೇಳ್ದೆ. ಹಿಂದೆ ಕೂತಿದ್ದ ಹುಡುಗ ಕಿಟಕಿಯಿಂದ ತಲೆ ಹಾಕಿ, ಕಾಲುವೆ ತೋರ್ಸಿ, 'ಅಂಕಲ್, ಇದು ಮೋರಿನಾ?' ಅಂದ. 'ಇಲ್ಲ ಕಣಪ್ಪಾ, ಇದು ನಾಲೆ. ನೀವು ನೋಡೋಕೆ ಹೋಯ್ತಾ ಇದ್ದೀರಲ್ಲಾ ಗುಂಬಜ್, ಅದಕ್ಕಿಂತ ಹಳೇದು' ಅಂದೆ. ಅವರಪ್ಪ ನಕ್ಕು ಕಾರು ಮುಂದಕ್ಕೆ ಬಿಟ್ರು. ನಾನು ತಮಾಷೆ ಮಾಡಿದೆ ಅಂದ್ಕೊಂಡ್ರೋ ಏನೋ.

ತಮಾಷೆ ಅಲ್ಲ, ನಿಜಾನೇ. ಈ ಪುಟದಲ್ಲೂ ಸುಮಾರು ಜನ ಕೇಳ್ತಾ ಇರ್ತೀರಿ, 'ಅಣ್ಣ, ದಸರಾ ರಜೆಗೆ ಮಕ್ಕಳನ್ನ ಕರ್ಕೊಂಡು ಪಟ್ಟಣಕ್ಕೆ ಬರ್ತೀವಿ, ಏನೇನು ನೋಡ್ಬೇಕು' ಅಂತ. (ಶ್ರೀರಂಗಪಟ್ಟಣನ ನಾವು ಪಟ್ಟಣ ಅಂತಲೇ ಕರೆಯೋದು.) ಗೈಡುಗಳು ಹೇಳೋದು ರಾಜರ ಕಡೆಯಿಂದ, ಯುದ್ಧದ ಕಡೆಯಿಂದ. ನಾನು ಎಸ್ಸೆಸ್ಸೆಲ್ಸಿ ಓದಿದ ರೈತ, ನನಗೆ ಗೊತ್ತಿರೋದು ನೀರಿನ ಕಡೆಯಿಂದ. ಅದನ್ನೇ ಬರೀತೀನಿ.

ಮೊದಲು ರಂಗನತಿಟ್ಟು. ಎಲ್ಲರೂ ಹಕ್ಕಿ ನೋಡ್ತಾರೆ, ಮೊಸಳೆ ನೋಡ್ತಾರೆ, ದೋಣಿಯಲ್ಲಿ ಫೋಟೋ ತೆಗೆಸ್ಕೋತಾರೆ. ಸಲೀಂ ಅಲಿಯವರು ಮೈಸೂರು ಮಹಾರಾಜರಿಗೆ ಹೇಳಿ 1940ರಲ್ಲಿ ಅದನ್ನ ಪಕ್ಷಿಧಾಮ ಮಾಡಿಸಿದ್ರು ಅನ್ನೋದು ಬೋರ್ಡಿನಲ್ಲೇ ಸಿಗುತ್ತೆ. 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರ್ತು. ಆದ್ರೆ ಆ ತಿಟ್ಟುಗಳು ಹೆಂಗೆ ಆದವು ಅಂತ ಕೇಳಿ. ರಣಧೀರ ಕಂಠೀರವ ನರಸರಾಜ ಒಡೆಯರು 1640ರ ದಶಕದಲ್ಲಿ ಬೇಸಾಯಕ್ಕೆ ಅಂತ ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟಿಸಿದ್ರು. ನೀರು ನಿಂತು, ಹರವಾಗಿ, ನಡುನಡುವೆ ನೆಲ ಉಳ್ಕೊಂಡು ತಿಟ್ಟುಗಳಾದವು. ಅಂದ್ರೆ ಹಕ್ಕಿಗಳು ಗೂಡು ಕಟ್ಟಿರೋ ಜಾಗ ಆಗಿದ್ದೇ ಗದ್ದೆಗೆ ನೀರು ತರೋಕೆ ಹೋಗಿ. ಬೆಳ್ಳಕ್ಕಿ, ಕೊಕ್ಕರೆಗಳು ಮೇಯೋಕೆ ಬರೋದೂ ನಮ್ಮ ಗದ್ದೆಗೇ. ಉಳುಮೆ ಮಾಡೋ ಟ್ರ್ಯಾಕ್ಟರ್ ಹಿಂದೆ ಸಾಲಾಗಿ ನಡ್ಕೊಂಡು ಬರ್ತವೆ, ಆಳುಗಳಿಗಿಂತ ಶಿಸ್ತಾಗಿ.

ಆ ಒಡೆಯರ ಕಾಲದ್ದೇ ಬಂಗಾರದೊಡ್ಡಿ ನಾಲೆ. ಪಟ್ಟಣ ಅಂದ್ರೆ ದ್ವೀಪ, ಸುತ್ತಲೂ ಕಾವೇರಿ. ಸುತ್ತ ನೀರಿದ್ರೂ ಒಳಗಿನ ನೆಲ ಎತ್ತರ, ಹೊಳೆ ತಗ್ಗು. ಅದಕ್ಕೆ ಮೇಲುಗಡೆ ಅಣೆ ಕಟ್ಟಿ, ನಾಲೆ ತೋಡಿ, ಹೊಳೆಯ ಕವಲೊಂದರ ಮೇಲೆ ಮೇಲ್ಗಾಲುವೆ ಕಟ್ಟಿ ನೀರನ್ನ ದ್ವೀಪದ ಒಳಕ್ಕೆ ದಾಟಿಸಿದ್ರು. ಸೇತುವೆ ಥರಾನೇ, ಮೇಲೆ ಗಾಡಿ ಬದಲು ನೀರು ಹೋಗುತ್ತೆ ಅಷ್ಟೆ. ಕೆಳಗಡೆ ಕಾವೇರಿ, ಮೇಲೂ ಕಾವೇರಿ. ಪಂಪು, ಕರೆಂಟು, ಡೀಸೆಲ್ ಏನೂ ಇಲ್ಲ, ಬರೀ ವಾಟ. ವಾಟ ಹಿಡಿಯೋದು ಎಷ್ಟು ಕಷ್ಟ ಅಂತ ಒಂದು ಗುಂಟೆ ಪಾತಿ ಸಮ ಮಾಡಿದೋರಿಗೆ ಗೊತ್ತು. ಗುಂಬಜ್ ಮತ್ತೆ ದರಿಯಾ ದೌಲತ್ ಎರಡೂ ಟಿಪ್ಪು ಕಾಲದ್ದು, 1784ರ ಸುಮಾರಿಗೆ ಮುಗಿದಿದ್ದು. ಅವು ಏಳೋ ಹೊತ್ತಿಗೆ ಈ ನಾಲೆಗೆ ನೂರು ವರ್ಷ ದಾಟಿತ್ತು. ಆ ಹುಡುಗನಿಗೆ ನಾನು ಹೇಳಿದ್ದು ಇದನ್ನೇ.

ನಮ್ಮದು ಗಂಜಾಂ ಕಡೆ, ಈ ನಾಲೆಯ ಕೊನೇ ಭಾಗದಲ್ಲಿ ಒಂದು ಎಕರೆ ಎಂಟು ಗುಂಟೆ. ಕೊನೇ ಭಾಗ ಅಂದ್ರೆ ಏನು ಅಂತ ರೈತರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ. ಮೇಲಿನೋರು ಕುಡಿದು ಬಿಟ್ಟ ಎಂಜಲು ನಮಗೆ. ಈ ಗದ್ದೆ ಕಥೆ ಕೊನೆಗೆ ಹೇಳ್ತೀನಿ.

ಇನ್ನು ಕೋಟೆ, ದೇವಸ್ಥಾನ. ರಂಗನಾಥಸ್ವಾಮಿ ದೇವಸ್ಥಾನ ಗಂಗರ ಕಾಲದ್ದು, ಒಂಬತ್ತನೇ ಶತಮಾನದ ಕೊನೆ. ಆಮೇಲೆ ಹೊಯ್ಸಳರು, ವಿಜಯನಗರದೋರು ಬೆಳೆಸಿದ್ರು. ಹೊಳೆ ಕೆಳಗೆ ಶಿವನಸಮುದ್ರದಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. ನಮ್ಮದು ಆದಿರಂಗ. ಮೂರೂ ಕಾವೇರಿ ದ್ವೀಪಗಳೇ. ನೀರಿಗೆ ಎರಡೂ ರಾಜ್ಯ ಜಗಳ ಆಡಿದ್ರೂ ಮೂರೂ ಕಡೆ ಮಲಗಿರೋನು ಒಬ್ಬನೇ. ಕೋಟೆಯನ್ನ 1454ರಲ್ಲಿ ತಿಮ್ಮಣ್ಣ ನಾಯಕ ಕಟ್ಟಿಸಿದ ಅಂತಾರೆ. 1610ರಲ್ಲಿ ರಾಜ ಒಡೆಯರು ಪಟ್ಟಣ ಹಿಡಿದ್ರು, ಅದೇ ವರ್ಷ ಇಲ್ಲಿ ನವರಾತ್ರಿ ಶುರು ಮಾಡಿದ್ರು. ಇವತ್ತು ಲಕ್ಷಾಂತರ ಜನ ಮೈಸೂರಿಗೆ ಹೋಗಿ ನೋಡೋ ದಸರಾದ ಬೇರು ನಮ್ಮೂರಲ್ಲಿ. ಈಗಲೂ ಕಿರಂಗೂರು ಬನ್ನಿಮಂಟಪದ ಹತ್ರ ನಮ್ಮ ದಸರಾ ಮಾಡ್ತೀವಿ, ಆನೆ ಬರುತ್ತೆ. ಸಂಕ್ರಾಂತಿಗೆ ಬಂದ್ರೆ ಸಂಜೆ ದನ ಕಿಚ್ಚು ಹಾಯಿಸೋದು ನೋಡಬಹುದು. ದನ ಕಮ್ಮಿ ಆಗಿದೆ, ಆದ್ರೂ ಹಾಯಿಸ್ತೀವಿ.

ಟಿಪ್ಪು ಸತ್ತ ಜಾಗ, ಕರ್ನಲ್ ಬೇಲಿ ಡಂಜನ್, ಜಾಮಿಯಾ ಮಸೀದಿ, ಪೊಲ್ಲಿಲೂರು ಯುದ್ಧದ ಚಿತ್ರ, ಇದೆಲ್ಲ ಗೈಡು ತೋರಿಸ್ತಾರೆ. ನಾನು ಎರಡು ಮಾತು ಸೇರಿಸ್ತೀನಿ.

ಒಂದು, ಮಳೆ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಅರಕೆರೆ ಹತ್ರದವರೆಗೂ ಬಂದು ಗೆದ್ದಿದ್ದ. ಆದ್ರೆ ಮಳೆ ಹಿಡ್ಕೊಂತು, ಮೇವಿಲ್ಲದೆ ಎತ್ತುಗಳು ಸತ್ತವು, ದೊಡ್ಡ ತೋಪುಗಳನ್ನ ಎಳೆಯೋರಿಲ್ಲದೆ ಅವನೇ ಹಾಳುಮಾಡಿ ಬೆಂಗಳೂರಿಗೆ ವಾಪಸ್ ಹೋದ. ಮುಂದಿನ ವರ್ಷ ಫೆಬ್ರವರಿಯಲ್ಲಿ, ಬೇಸಿಗೆ ಮೊದಲು ಬಂದ. ಆಗಲೇ ಅರ್ಧ ರಾಜ್ಯ ಹೋಗಿದ್ದು, ಟಿಪ್ಪುವಿನ ಇಬ್ಬರು ಮಕ್ಕಳು ಒತ್ತೆಯಾಗಿ ಹೋಗಿದ್ದು. 1799ರಲ್ಲಿ ಮುತ್ತಿಗೆ ಹಾಕಿದ್ದು ಏಪ್ರಿಲ್‌ನಲ್ಲಿ, ಕೋಟೆಗೆ ನುಗ್ಗಿದ್ದು ಮೇ 4ರ ಮಧ್ಯಾಹ್ನ. ಹೊಳೆಯಲ್ಲಿ ನೀರು ಇಳಿದಿತ್ತು, ನಡ್ಕೊಂಡೇ ದಾಟಿದ್ರು. ಇನ್ನೊಂದು ತಿಂಗಳು ತಡ ಆಗಿದ್ರೆ, ಕೊಡಗಿನಲ್ಲಿ ಮಳೆ ಹಿಡಿದಿದ್ರೆ, ಆ ಹೊಳೆ ಯಾರನ್ನೂ ಸುಲಭಕ್ಕೆ ಬಿಡ್ತಿರಲಿಲ್ಲ. ಪುಸ್ತಕದಲ್ಲಿ ಬೇರೆ ಕಾರಣಗಳೂ ಇರ್ತವೆ, ದ್ರೋಹದ ಕಥೆನೂ ಇದೆ. ಆದ್ರೆ ತಾರೀಖು ನೋಡಿದ ತಕ್ಷಣ ರೈತನ ಕಣ್ಣಿಗೆ ಬೀಳೋದು ಹೊಳೆ ಮಟ್ಟ.

ಎರಡನೇದು, ಕಾಲುವೆ. 1799ರ ಏಪ್ರಿಲ್ 5ರ ರಾತ್ರಿ ಆರ್ಥರ್ ವೆಲ್ಲೆಸ್ಲಿ ಅನ್ನೋ ಕರ್ನಲ್ ಸುಲ್ತಾನ್‌ಪೇಟೆ ತೋಪಿಗೆ ನುಗ್ಗೋಕೆ ಹೋದ. ಕಗ್ಗತ್ತಲು, ತೋಪಿನ ತುಂಬ ನೀರಿನ ಕಾಲುವೆಗಳು, ಜೊತೆಗೆ ಟಿಪ್ಪು ಸೈನ್ಯದ ರಾಕೆಟ್ಟು. ದಂಡು ಚದುರಿಹೋಗಿ, ಅವನೇ ದಾರಿ ತಪ್ಪಿ ವಾಪಸ್ ಬಂದ. ಮಾರನೇ ದಿನ ಬೆಳಕಲ್ಲಿ ಹೋಗಿ ಹಿಡಿದ, ಅದು ಬೇರೆ ಮಾತು. ಅದೇ ಮನುಷ್ಯ ಹದಿನಾರು ವರ್ಷ ಆದ್ಮೇಲೆ ವಾಟರ್ಲೂನಲ್ಲಿ ನೆಪೋಲಿಯನ್‌ನ ಸೋಲಿಸಿದ. ಅಂಥವನೇ ದಾರಿ ತಪ್ಪಿದ ಜಾಗ ಇದು. ನಾನೂ ಸಣ್ಣವನಿದ್ದಾಗ ರಾತ್ರಿ ನೀರು ಕಟ್ಟೋಕೆ ಹೋಗಿ ಬದು ತಪ್ಪಿ ಕಾಲುವೆಗೆ ಬಿದ್ದಿದೀನಿ. ನಮ್ಮಪ್ಪ ಬೈದಿದ್ದು ಇನ್ನೂ ನೆನಪಿದೆ.

ಗಂಜಾಂನಲ್ಲಿ ನಿಮಿಷಾಂಬ ದೇವಸ್ಥಾನಕ್ಕೆ ಹೋಗೇ ಹೋಗ್ತೀರಿ. ಟಿಪ್ಪು ಶಿರಾ ಕಡೆಯಿಂದ ಸಂಸಾರಗಳನ್ನ ಕರೆಸಿ ಬೆಳೆಸಿದ ಪೇಟೆ ಇದು. ಗಂಜಾಂ ಅಂಜೂರ ಒಂದು ಕಾಲಕ್ಕೆ ಹೆಸರುವಾಸಿ, ಈಗ ಹುಡುಕಬೇಕು. ರಾಜಧಾನಿ ಮೈಸೂರಿಗೆ ಹೋದ್ಮೇಲೆ ಪಟ್ಟಣ ಬರಿದಾಯ್ತು. ಅರಮನೆ ಬಿತ್ತು, ಜನ ಹೋದ್ರು, ಚಳಿಜ್ವರ ಬಂತು. ಆದ್ರೆ ಬೇಸಾಯ ನಿಲ್ಲಲಿಲ್ಲ. ಪೂರ್ಣಯ್ಯನವರು ದಿವಾನರಾಗಿದ್ದಾಗ 1804ರಲ್ಲಿ ಕಲ್ಲು ಕಂಬದ ವೆಲ್ಲೆಸ್ಲಿ ಸೇತುವೆ ಆಯ್ತು. 1847ರಲ್ಲಿ ಪಕ್ಕದ ಪಾಲಹಳ್ಳಿಯಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರುವಾಯ್ತು. ನಮ್ಮ ರೈತರ ಬೆಲ್ಲನ ಶುದ್ಧಿ ಮಾಡಿ ಸಕ್ಕರೆ ತೆಗೀತಿದ್ರು, ಅದಕ್ಕೆ 1851ರ ಲಂಡನ್ ವಸ್ತುಪ್ರದರ್ಶನದಲ್ಲಿ ಪದಕ ಬಂತು. ಮಂಡ್ಯದ ಮೈಶುಗರ್ ಶುರುವಾಗಿದ್ದು 1933ರಲ್ಲಿ. ಅದಕ್ಕೆ ಎಂಬತ್ತಾರು ವರ್ಷ ಮುಂಚೆ ಪಾಲಹಳ್ಳಿ ಸಕ್ಕರೆ ಮಾಡ್ತಿತ್ತು. ಇದನ್ನ ನಮ್ಮ ಹುಡುಗರಿಗೆ ಹೇಳಿದ್ರೆ ನಂಬಲ್ಲ.

ಕನ್ನಂಬಾಡಿ ಕಟ್ಟೆ ಬಗ್ಗೆ ಉದ್ದ ಬರೆಯಲ್ಲ. 1911ರಲ್ಲಿ ಶುರು, 1932ಕ್ಕೆ ಮುಗೀತು. ನಾಲ್ವಡಿಯವರು, ವಿಶ್ವೇಶ್ವರಯ್ಯನವರು, ಮುಳುಗಿದ ಊರುಗಳು, ಕೂಲಿ ಮಾಡಿದ ಸಾವಿರಾರು ಜನ. ತುಂಬಿದ್ರೆ 124.80 ಅಡಿ, 49 ಟಿಎಂಸಿ ಚಿಲ್ಲರೆ. ನಾನು ಹೇಳಬೇಕಾದ್ದು ಇಷ್ಟೆ: ಕಟ್ಟೆ ಬರೋಕೆ ಮುಂಚೆಯೂ ಇಲ್ಲಿ ನಾಲೆ ಇದ್ದವು. ಬಂಗಾರದೊಡ್ಡಿ, ವಿರಿಜಾ, ಚಿಕ್ಕದೇವರಾಜಸಾಗರ. ಕಟ್ಟೆ ಬಂದ್ಮೇಲೆ ಇವಕ್ಕೆ ಬೇಸಿಗೆಯಲ್ಲೂ ನೀರಿನ ಭರವಸೆ ಸಿಕ್ತು. ವಿಶ್ವೇಶ್ವರಯ್ಯ ನಾಲೆ ಹೊಸದಾಗಿ ಹುಲಿಕೆರೆ ಸುರಂಗದಲ್ಲಿ ಹಾದು ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಹೋಯ್ತು. ಮಂಡ್ಯ ಸಕ್ಕರೆ ನಾಡಾಗಿದ್ದು ಆ ನೀರಿನಿಂದ. ಭರವಸೆ ಅಂದೆ, ಅದೂ ಎಲ್ಲಾ ವರ್ಷ ಇರಲ್ಲ. 2023ರಲ್ಲಿ ಕಟ್ಟೆ ತುಂಬಲಿಲ್ಲ, ಬೇಸಿಗೆ ಬೆಳೆ ಬೆಳೆಯೋ ಹಾಗೇ ಇರಲಿಲ್ಲ, ಮಂಡ್ಯದಲ್ಲಿ ರೈತರು ಬೀದಿಯಲ್ಲಿ ಕೂತಿದ್ರು.

ನೀರಿದ್ರೆ ಊರು ಹೆಂಗಿರುತ್ತೆ, ಇಲ್ಲದಿದ್ರೆ ಹೆಂಗಿರುತ್ತೆ ಅಂತ ತಿಳೀಬೇಕಾದ್ರೆ ಒಂದು ದಿನ ಜಾಸ್ತಿ ಇಟ್ಕೊಂಡು ಸುತ್ತಿ. ಪಟ್ಟಣದಿಂದ ಪಾಂಡವಪುರ ಹತ್ರ. ಹಳೇ ಹೆಸರು ಹಿರೋಡೆ. ಟಿಪ್ಪು ಕಡೆಯ ಫ್ರೆಂಚ್ ದಂಡು ಅಲ್ಲಿ ಇದ್ದಿದ್ದಕ್ಕೆ ಫ್ರೆಂಚ್ ರಾಕ್ಸ್ ಅಂತಾನೂ ಕರೀತಿದ್ರು. ಕುಂತಿಬೆಟ್ಟ ಹತ್ತಿ ನೋಡಿದ್ರೆ ಕೆಳಗೆ ಕಬ್ಬು, ಭತ್ತ, ತೆಂಗು, ಕಣ್ಣಿಗೆ ಹಸಿರೋ ಹಸಿರು. ತೊಣ್ಣೂರು ಕೆರೆ ನೋಡಿ, ರಾಮಾನುಜಾಚಾರ್ಯರು ಇದ್ದ ಊರು. ಆಮೇಲೆ ಮೇಲುಕೋಟೆ, ವೈರಮುಡಿಗೆ ಬಂದ್ರೆ ಕಾಲಿಡೋಕೆ ಜಾಗ ಇರಲ್ಲ. ರೈತ ಸಂಘದ ಕೆ.ಎಸ್. ಪುಟ್ಟಣ್ಣಯ್ಯನವರ ಕ್ಯಾತನಹಳ್ಳಿ ಈ ತಾಲ್ಲೂಕೇ. ಅವರ ಭಾಷಣ ಕೇಳೋಕೆ ನಾವು ಸೈಕಲ್‌ನಲ್ಲಿ ಹೋಗಿದ್ದೋ. ನಗಿಸ್ತಾ ನಗಿಸ್ತಾನೇ ಬೈಯೋರು.

ಕೆ.ಆರ್. ಪೇಟೆ ಕಡೆ ಹೇಮಾವತಿ. ಮಂದಗೆರೆ ಅಣೆಯಿಂದ ಹೊರಟ ನಾಲೆ ಕೆಳಗೆ ಗದ್ದೆಗಳು. ಅದೇ ಹೇಮಾವತಿ ಬಂದು ಕನ್ನಂಬಾಡಿ ಹಿನ್ನೀರು ಸೇರೋದು. ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಸ್ಥಾನ ಹದಿಮೂರನೇ ಶತಮಾನದ ಹೊಯ್ಸಳರ ಕೆಲಸ, ಬೇಲೂರಿನಷ್ಟು ಜನ ಇರಲ್ಲ, ನಿಧಾನಕ್ಕೆ ನೋಡಬಹುದು. ಕಿಕ್ಕೇರಿ ಕೆ.ಎಸ್. ನರಸಿಂಹಸ್ವಾಮಿಯವರ ಊರು.

ನಾಗಮಂಗಲ ಬೇರೇನೇ. ಸೌಮ್ಯಕೇಶವ ದೇವಸ್ಥಾನ, ಆದಿಚುಂಚನಗಿರಿ, ಕಂಚು ಹಿತ್ತಾಳೆ ವಿಗ್ರಹ ಮಾಡೋ ಕಸುಬಿನೋರು. ಬೇಸಾಯ ಮಾತ್ರ ಬಹುಪಾಲು ಮಳೆ ನಂಬ್ಕೊಂಡು. ರಾಗಿ, ಹುರುಳಿ, ಅವರೆ, ತೆಂಗು. ನನ್ನ ಹೆಂಡ್ತಿ ಆ ತಾಲ್ಲೂಕಿನೋಳು. ಮದುವೆ ಆದ ಹೊಸದರಲ್ಲಿ ಇಲ್ಲಿಗೆ ಬಂದು, ಕಾಲುವೆ ದಂಡೆ ಮೇಲೆ ಕೂತು ಸುಮ್ಮನೆ ನೀರು ನೋಡ್ತಿದ್ಳು. 'ಯಾರೂ ಸೇದದೇ ಬತ್ತದಲ್ಲಾ' ಅಂದಿದ್ಳು. ನಮ್ಮತ್ತೆ ಮನೆಯಲ್ಲಿ ಆಗ ಬಾವಿಯಿಂದ ಸೇದಿ ತೆಂಗಿನ ಸಸಿಗೆ ಬಿಂದಿಗೆಯಲ್ಲಿ ಹುಯ್ಯೋರು. ನಾನು ಹುಟ್ಟಿದಾಗಿಂದ ನೋಡಿದ್ದ ನಾಲೆನ ಅವಳು ಹೇಳಿದ್ಮೇಲೆ ನೋಡಿದ್ದು.

ಈಗ ನಮ್ಮ ಗದ್ದೆ ಕಥೆ.

ಎಕ್ಸ್‌ಪ್ರೆಸ್ ಹೈವೇ 2023ರಲ್ಲಿ ಓಪನ್ ಆಯ್ತು. ಬೆಂಗಳೂರು ಹತ್ರ ಆಯ್ತು, ಸುತ್ತಮುತ್ತ ನೆಲದ ರೇಟು ಏರ್ತು. ಎಕರೆ ಲೆಕ್ಕ ಹೋಗಿ ಅಡಿ ಲೆಕ್ಕದಲ್ಲಿ ಮಾತಾಡೋರು ಬರೋಕೆ ಶುರು ಮಾಡಿದ್ರು. ನಮ್ಮ ಮೇಲುಗಡೆ ಎರಡು ಗದ್ದೆ ಮಾರಾಟ ಆಗಿ ಮಣ್ಣು ಬಿತ್ತು. ಅಲ್ಲಿ ಹಾದು ಬರೋ ನಮ್ಮ ಹೊಲಗಾಲುವೆ ಮೂರು ಅಡಿ ಅಗಲ ಇತ್ತು. ಕೊಂಡೋರು ಅದನ್ನ ಮುಚ್ಚಿ, ಒಂದು ಸಣ್ಣ ಪೈಪು ಹೂತು, 'ನೀರು ಬರ್ತದಲ್ಲಾ ಯಜಮಾನ್ರೆ' ಅಂದ್ರು. ಬರ್ತದೆ ನಿಜ. ಗಿಡ ಗಂಟಿ, ಪ್ಲಾಸ್ಟಿಕ್ಕು, ತೆಂಗಿನ ಮೊಟ್ಟೆ ಸಿಕ್ಕೊಂಡ್ರೆ ನಿಲ್ತದೆ. ಈ ಸಲ ಹೊಡೆ ಬಿಚ್ಚೋ ಟೈಮಲ್ಲೇ ನಾಲ್ಕು ದಿನ ನಿಂತಿತ್ತು. ಸೌಡಿ ಬಂದು ನೋಡಿ, 'ನಾಲೇಲಿ ನೀರು ಬಿಟ್ಟಿದೀವಿ, ಅಲ್ಲಿಂದ ಈಚೆಗೆ ನಿಮ್ಮ ನಿಮ್ಮದು' ಅಂದ. ಕಚೇರಿಗೆ ಅರ್ಜಿ ಕೊಟ್ಟಿದೀನಿ, ರಸೀದಿ ಇದೆ. ಸದ್ಯಕ್ಕೆ ನಾನೇ ಬಿದಿರು ಗಳ ತೂರಿಸಿ, ಎದೆಮಟ್ಟ ಕೆಸರಲ್ಲಿ ನಿಂತು ಬಿಡಿಸಿದ್ದು. ಐವತ್ತು ದಾಟಿದ ಮೈ, ರಾತ್ರಿಯೆಲ್ಲ ನೋವು.

ಇದನ್ನ ಬರೀತಾ ಒಂದು ನೆನಪಾಯ್ತು. 2017ರಲ್ಲಿ ಪಟ್ಟಣದ ರೈಲು ಹಳಿ ಜೋಡಿ ಮಾಡೋಕೆ ಟಿಪ್ಪು ಕಾಲದ ಮದ್ದಿನ ಮನೆ ಅಡ್ಡ ಬಂತು. ಕೆಡವಲಿಲ್ಲ. ಇಡೀ ಕಟ್ಟಡನ ಜಾಕಿ ಕೊಟ್ಟು ಎತ್ತಿ, ನೂರು ಮೀಟರಿಗೂ ದೂರ ತಳ್ಳಿ ನಿಲ್ಲಿಸಿದ್ರು. ನಾನೂ ಹೋಗಿ ನೋಡಿದ್ದೆ, ಖುಷಿ ಆಗಿತ್ತು. ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರು ಏನೂ ಕಟ್ಟಂಗಿಲ್ಲ ಅಂತ ಕಾನೂನೂ ಇದೆ. ಒಳ್ಳೇದು, ಇರಲಿ. ಆ ಮದ್ದಿನ ಮನೆಯಲ್ಲಿ ಮದ್ದು ಇಟ್ಟು ಇನ್ನೂರು ವರ್ಷ ಮೇಲಾಯ್ತು. ದರಿಯಾ ದೌಲತ್‌ನಲ್ಲಿ ಯಾರೂ ವಾಸ ಇಲ್ಲ. ಕೋಟೆ ಯಾರನ್ನೂ ಕಾಯ್ತಿಲ್ಲ. ಇವತ್ತಿಗೂ ಅವತ್ತಿನ ಕೆಲಸಾನೇ ಮಾಡ್ತಿರೋದು ಅಂದ್ರೆ ದೇವಸ್ಥಾನ, ಮಸೀದಿ, ಮತ್ತೆ ಈ ನಾಲೆ. ನಾಲೆಗೂ ಕಾನೂನು ಇದೆ ಅಂತಾರೆ, ಆದ್ರೆ ಅದರ ಕೊನೇ ಮೂರು ಅಡಿಗೆ ಮಣ್ಣು ಬಿದ್ದಾಗ ಜಾಕಿ ತರೋರು ಯಾರೂ ಇಲ್ಲ.

ಗದ್ದೆ ನಮ್ಮಪ್ಪನ ಹೆಸರಲ್ಲೇ ಇದೆ, ಭಾಗ ಆಗಿಲ್ಲ. ನನ್ನ ತಮ್ಮ ಮೈಸೂರಲ್ಲಿ ಇದ್ದಾನೆ. ಅವನಿಗೆ ಮಾರೋ ಮನಸ್ಸು. ಅವನದು ತಪ್ಪು ಅನ್ನಲ್ಲ. ಮಗಳ ಓದಿಗೆ ಸಾಲ ಮಾಡಿದಾನೆ. 'ಅಣ್ಣಯ್ಯ, ನೀನು ಹತ್ತು ವರ್ಷ ದುಡಿದ್ರೂ ಬರದೇ ಇರೋ ದುಡ್ಡು ಒಂದು ರುಜುಗೆ ಬರ್ತದೆ' ಅಂತಾನೆ. ಲೆಕ್ಕ ಅವನು ಹೇಳಿದ್ದೇ ಸರಿ. ಭತ್ತದಲ್ಲಿ ಗೊಬ್ಬರ, ಆಳು, ಯಂತ್ರ ಕಳೆದು ಉಳಿಯೋದು ಮನೆಗೆ ಅಕ್ಕಿ, ದನಕ್ಕೆ ಹುಲ್ಲು, ಕೈಗೆ ಚೂರು.

ಮಹಾಲಯ ಅಮಾವಾಸ್ಯೆಗೆ ಅಪ್ಪನಿಗೆ ಎಡೆ ಇಡೋಕೆ ಅವನು ಬಂದಿದ್ದ. ಸಂಗಮದಲ್ಲಿ ಕೆಲಸ ಮುಗಿಸ್ಕೊಂಡು ಬರ್ತಾ, 'ಬಾ ಒಂದು ಸುತ್ತು' ಅಂತ ಬೈಕಿನಲ್ಲಿ ಮೇಲ್ಗಾಲುವೆ ತನಕ ಕರ್ಕೊಂಡು ಹೋದೆ. ಅಲ್ಲಿಂದ ನಾಲೆ ದಂಡೆ ಹಿಡ್ಕೊಂಡು, ಆಗೋವಷ್ಟು ಬೈಕು, ಆಗದಲ್ಲಿ ನಡಿಗೆ, ನಮ್ಮ ತೂಬಿನ ತನಕ ಬಂದೋ. ದಾರಿಯಲ್ಲಿ ಅವನು ಒಂದೊಂದೇ ತೋರ್ಸ್ತಾ ಬಂದ. ಇಲ್ಲಿ ಈಜು ಕಲಿತಿದ್ದು, ಇಲ್ಲಿ ಅಪ್ಪ ಎಮ್ಮೆ ಮೈ ತೊಳೀತಿದ್ದು, ಇಲ್ಲಿ ಏಡಿ ಹಿಡಿದಿದ್ದು. ಪೈಪು ಹಾಕಿರೋ ಜಾಗ ಬಂದಾಗ ಇಬ್ರೂ ನಿಂತೋ. ಅವನು ಬಗ್ಗಿ ನೋಡಿ, 'ಇಷ್ಟೇನಾ?' ಅಂದ. 'ಇಷ್ಟೇ' ಅಂದೆ.

ನಾನು ಅವನಿಗೆ ಒಂದೇ ಮಾತು ಹೇಳಿದ್ದು. ನಾವು ಮಾರಿದ್ರೆ ನಮ್ಮ ಕೆಳಗೆ ಇನ್ನೂ ಮೂರು ಮನೆಯೋರ ಗದ್ದೆ ಇದೆ, ಅವರಿಗೆ ನೀರು ಹೋಗೋದು ನಮ್ಮ ಬದುವಿನ ಮೇಲೆ. ನಮ್ಮ ಮೇಲಿನೋರು ನಮಗೆ ಮಾಡಿದ್ದನ್ನೇ ನಾವು ಅವರಿಗೆ ಮಾಡಿದ ಹಾಗಾಗುತ್ತೆ. ನಾಲೆ ಮೇಲಿಂದ ಸಾಯಲ್ಲ, ಕೊನೆಯಿಂದ ಸಾಯುತ್ತೆ. ಕೊನೇ ಗದ್ದೆ ಹೋದ್ರೆ ಕೊನೇ ತೂಬು ಹೋಗುತ್ತೆ, ಆಮೇಲೆ ಅದರ ಹಿಂದಿನದು. ಅವನು ಏನೂ ಅನ್ನಲಿಲ್ಲ. ಊಟ ಮಾಡ್ಕೊಂಡು ಹೊರಡೋವಾಗ, 'ಈ ಬೆಳೆ ಕೊಯ್ಕೊ, ಸುಗ್ಗಿ ಆದ್ಮೇಲೆ ಕೂತು ಮಾತಾಡವ' ಅಂದ. ಆ ಮಾತಿನ ಅರ್ಥ ಹೆಂಗೆ ಬೇಕಾದ್ರೂ ಮಾಡ್ಕೋಬಹುದು. ಸಾಲದ ದಾರಿ ಬೇರೆ ಏನಾದ್ರೂ ಇದೆಯಾ ಅಂತ ನಾನೂ ನೋಡ್ತಾ ಇದೀನಿ, ಹೇಳೋಕೆ ಇನ್ನೂ ಏನೂ ಇಲ್ಲ.

ಈಗ ನೀವು ಬರೋ ವಿಚಾರ. ಬೆಳಿಗ್ಗೆ ಬೇಗ ಬನ್ನಿ, ರಂಗನತಿಟ್ಟು ಮೊದಲು ಮುಗಿಸಿ. ಆಮೇಲೆ ದೇವಸ್ಥಾನ, ಕೋಟೆ, ಮದ್ದಿನ ಮನೆ. ಮಧ್ಯಾಹ್ನ ದರಿಯಾ ದೌಲತ್ ತಂಪಾಗಿರುತ್ತೆ. ಗುಂಬಜ್, ಸಂಗಮ ಸಂಜೆಗೆ ಇಟ್ಕೊಳ್ಳಿ. ಸಂಗಮದಲ್ಲಿ ಬಟ್ಟೆ, ಪ್ಲಾಸ್ಟಿಕ್ ಹೊಳೆಗೆ ಬಿಡಬೇಡಿ, ಮಳೆಗಾಲದಲ್ಲಿ ನೀರಿಗೆ ಇಳೀಬೇಡಿ, ಸೆಳೆತ ಜಾಸ್ತಿ. ದಾರಿಯಲ್ಲಿ ರಸ್ತೆ ಪಕ್ಕ ನೀರು ಹರೀತಾ ಇದ್ರೆ ಗಾಡಿ ನಿಲ್ಲಿಸಿ ಮಕ್ಕಳಿಗೆ ತೋರ್ಸಿ. ಮೋರಿ ಅಲ್ಲ, ನಾಲೆ ಅಂತ ಹೇಳಿ. ಯಾರು ಕಟ್ಸಿದ್ದು ಅಂತ ಕೇಳಿದ್ರೆ ಹೆಸರು ಮೇಲೆ ಬರೆದಿದೀನಿ.

ಹೊಡೆ ಈಗ ಚೆನ್ನಾಗೇ ಬಿಚ್ಚಿದೆ. ನಾಲ್ಕು ದಿನದ ನೀರಿನ ಏಟು ಒಂದು ಮೂಲೆಯಲ್ಲಿ ಕಾಣುತ್ತೆ, ಅಲ್ಲಿ ಸ್ವಲ್ಪ ಜೊಳ್ಳು ಬೀಳಬಹುದು. ಕೊಯ್ಲಿನ ಲೆಕ್ಕ ಎಂದಿನಂತೆ ಇಲ್ಲೇ ಬರೀತೀನಿ. ಕೊನೇ ಭಾಗದ ರೈತರು ಇದನ್ನ ಓದ್ತಾ ಇದ್ರೆ, ನಿಮ್ಮ ಕಡೆ ಹೊಲಗಾಲುವೆ ಮುಚ್ಚಿದಾಗ ಏನು ಮಾಡಿದ್ರಿ, ಯಾವ ಅರ್ಜಿಗೆ ಕೆಲಸ ಆಯ್ತು ಅಂತ ತಿಳಿಸಿ. ನನಗೆ ಮಾತ್ರ ಅಲ್ಲ, ಕೆಳಗಿನ ಮೂರು ಮನೆಯೋರಿಗೂ ಬೇಕಾಗಿದೆ.